ಎತ್ತು ತುಳಿಯಲಿಲ್ಲ

ಅರಳಿಯ ಕಾಲನ್ನು ಎತ್ತು ತುಳಿಯಲಿಲ್ಲ. ನಾನು ಅದರ ಉಗುರನ್ನು ಜೀವದವರೆಗೆ ಕತ್ತರಿಸಿದೆ — ಬಲ ಮುಂಗಾಲು, ಒಳಗಿನಿಂದ ಎರಡನೆಯದು. ಕತ್ತರಿಸಿದ್ದು ಕೈತಪ್ಪು. ಕೈತಪ್ಪು ಯಾರಿಗಿಲ್ಲ? ಆದರೆ ಆಮೇಲೆ, ಏಳೆಂಟು ಹೆಂಗಸರ ಮುಂದೆ ಬಾಯಿ ತೆರೆದು ‘ಎತ್ತು ತುಳೀತ್ರಿ’ ಎಂದೆನಲ್ಲ — ಅದು ಕೈತಪ್ಪೂ ಅಲ್ಲ, ಬಾಯಿತಪ್ಪೂ ಅಲ್ಲ. ಗೊತ್ತಿದ್ದೇ ಹೇಳಿದ ಸುಳ್ಳು. ಆ ಸುಳ್ಳಿಗೆ ಒಬ್ಬ ಮನುಷ್ಯನ ನೆರಳು ಹೋಯಿತು. ಹನ್ನೊಂದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡೆ, ಉಟ್ಟೆ, ಹಬ್ಬ ಮಾಡಿದೆ. ಇನ್ನು ಆಗುವುದಿಲ್ಲ.

ಅರಳಿ ನಮ್ಮ ನಾಯಿ. ಬೀಜ ತೆಗೆದು ಬಿಡಿಸಿದ ಹತ್ತಿಗೆ ನಮ್ಮ ಕಡೆ ಅರಳಿ ಎನ್ನುತ್ತಾರೆ; ಮರಿಯಿದ್ದಾಗ ಅದು ಹಾಗೆಯೇ ಇತ್ತು, ಬುಟ್ಟಿಯಲ್ಲಿಟ್ಟರೆ ಗಾಳಿಗೆ ಹಾರಿ ಹೋದೀತು ಎನ್ನುವ ಹಾಗೆ. ನರಗುಂದದ ನನ್ನ ತವರಿನಿಂದ ತಂದದ್ದು. ರೋಣದ ಈ ಮನೆಗೆ ನಾನು ಸೊಸೆಯಾಗಿ ಬಂದ ವರ್ಷದೊಳಗೆ ಅಣ್ಣ ತಂದು ನನ್ನ ಮಡಿಲಲ್ಲಿ ಹಾಕಿದ. ಕಾಳಿನ ಅಡತಿ ವ್ಯಾಪಾರ ಮಾಡುವ ಮನೆ ಇದು, ಜನ ಬಂದು ಹೋಗುವ ಮನೆ. ನಾಯಿ ಎಂದರೆ ಬಾಗಿಲಾಚೆ ಬಿದ್ದಿರಬೇಕು ಎಂಬ ಅಭಿಪ್ರಾಯ ಅತ್ತೆಯದು. ನಾಲ್ಕು ದಿನ ಮೂಗು ಮುರಿದರು. ಐದನೆಯ ದಿನ ನೋಡಿದರೆ ಅವರೇ ರೊಟ್ಟಿ ಹಾಲಿನಲ್ಲಿ ಕಿವುಚುತ್ತಿದ್ದಾರೆ.

ಬಿಳಿ ಕೂದಲಿನ ನಾಯಿಯನ್ನು ಎರಿ ಮಣ್ಣಿನ ಊರಲ್ಲಿ ಸಾಕುವುದೆಂದರೇನು ಎಂದು ನಮಗಾರಿಗೂ ಗೊತ್ತಿರಲಿಲ್ಲ. ಒಂದು ಮಳೆ ಬಿದ್ದರೆ ಸಾಕು, ಬೆರಳ ಸಂದಿಯಲ್ಲಿ ಕರಿಮಣ್ಣು ಸೇರಿ ಒಣಗಿ ಕಲ್ಲಾಗುತ್ತದೆ. ಹೊಲದ ಬದುವಿಗೆ ಹೋಗಿ ಬಂದರೆ ಹೊಟ್ಟೆಯ ಕೆಳಗೆಲ್ಲ ಉತ್ತರಾಣಿ ಮುಳ್ಳು. ಬಾಚದಿದ್ದರೆ ವಾರದೊಳಗೆ ಕಿವಿಯ ಹಿಂದೆ ಗಂಟು, ಗಂಟಿನ ಕೆಳಗೆ ಉಣ್ಣಿ. ನಾನು ಮನಸ್ಸಾದಾಗ ನನ್ನ ಹಳೆಯ ಹಣಿಗೆಯಿಂದ ಎಳೆದೆಳೆದು ಬಾಚುತ್ತಿದ್ದೆ, ಅದು ಕುಂಯ್‌ಗುಟ್ಟಿದರೆ ಗದರುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ — ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದ್ದಕ್ಕೆ ನೆಪವೆಂದು ಅಲ್ಲ, ಸುಮ್ಮನೆ ತಿಳಿದಿರಲಿ ಎಂದು.

ನಮ್ಮ ಮನೆಯ ಪಕ್ಕದಲ್ಲಿ ನಮ್ಮದೇ ಒಂದು ಬಯಲು, ಬಯಲಲ್ಲಿ ಒಂದು ದೊಡ್ಡ ಬೇವಿನ ಮರ. ಅದರ ನೆರಳಲ್ಲಿ ಮಾಬುಸಾಬ್ ಕಾಕಾ ಕೂಡುತ್ತಿದ್ದರು. ಅವರು ನಾಲಬಂದರು, ಎತ್ತಿಗೆ ಲಾಳ ಬಡಿಯುವುದು ಅವರ ಮನೆತನದ ಕೆಲಸ. ಅವರ ತಂದೆ ಅಲ್ಲಿಯೇ ಕೂತಿದ್ದರಂತೆ, ಅವರ ಅಜ್ಜನೂ. ಅಸೂಟಿಯಿಂದ, ಪುರ್ತಗೇರಿಯಿಂದ, ಒಮ್ಮೊಮ್ಮೆ ಕೊಣ್ಣೂರಿನಿಂದಲೂ ಎತ್ತು ಹೊಡೆದುಕೊಂಡು ರೈತರು ಬರುತ್ತಿದ್ದರು. ಹಗ್ಗ ಹಾಕಿ ಎತ್ತನ್ನು ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸನ್ನು ಉಳಿಯಿಂದ ಹೆರೆದು ಸಮ ಮಾಡಿ ಲಾಳ ಕೂರಿಸುತ್ತಿದ್ದರು. ಅರಳಿ ಬೆಳಗಿನಿಂದ ಅಲ್ಲೇ. ಹೆರೆದ ಗೊರಸಿನ ಚೂರಿಗಾಗಿ ಕಾಯುತ್ತ ಕೂಡುತ್ತಿತ್ತು.

ನಮ್ಮ ಪಡಸಾಲೆಯ ಕಿಟಕಿಯಿಂದ ಅವರ ಮಾತು ಕೇಳಿಸುತ್ತಿತ್ತು. ಯಾರಾದರೂ ರೈತ ಅವಸರ ಮಾಡಿದರೆ ಅವರು ಹೇಳುವುದು ಒಂದೇ ಮಾತು: “ತಡೀಪಾ. ಗೊರಸಿನ್ಯಾಗ ಜೀವ ಐತಿ. ಅದು ಎಲ್ಲಿಗೆ ಮುಗೀತೈತಿ ಅಂತ ನೋಡಿ ಕಡೀಬೇಕು.” ದಿನಕ್ಕೆ ನಾಲ್ಕು ಸಲ ಈ ಮಾತು ಕಿವಿಗೆ ಬೀಳುತ್ತಿತ್ತು. ಎತ್ತಿನ ಗೊರಸಿಗೆ ಜೀವ ಇದ್ದರೆ ಇರಲಿ, ನಾಯಿಯ ಉಗುರಿಗೆ ಎಲ್ಲಿಯದು ಎಂದುಕೊಂಡಿದ್ದೆ — ಎಂದುಕೊಂಡಿದ್ದೆ ಎನ್ನುವುದೂ ಹೆಚ್ಚೇ. ಯೋಚನೆಯನ್ನೇ ಮಾಡಿರಲಿಲ್ಲ.

ಅವತ್ತು ಶ್ರಾವಣದ ಶುಕ್ರವಾರ. ಶುಕ್ರವಾರ ನಮ್ಮ ಮನೆಯಲ್ಲಿ ಯಾರೂ ಉಗುರು ತೆಗೆಯುವಂತಿಲ್ಲ. ಶ್ರಾವಣದ ಶುಕ್ರವಾರವಂತೂ ಅತ್ತೆ ಉಗುರು ಎಂಬ ಮಾತನ್ನೂ ಆಡಗೊಡುತ್ತಿರಲಿಲ್ಲ. ಮನೆಗೆ ಬರುವ ಲಕ್ಷ್ಮಿ ಹೊಸ್ತಿಲಿಂದಲೇ ತಿರುಗಿ ಹೋಗುತ್ತಾಳೆ ಎಂದು ಅವರ ನಂಬಿಕೆ. ಪೂಜೆಗೆಂದು ಗಜೇಂದ್ರಗಡದ ಮಗ್ಗದಿಂದ ಹೊಸ ಸೀರೆ ತಂದಿದ್ದರು, ಹಸಿರು ಮೈ, ಕೆಂಪು ಸೆರಗು. ಅದನ್ನು ಮಡಿಚಿ ಮಣೆಯ ಮೇಲಿಟ್ಟು, “ಗಿರಿಜಾ, ಲಕ್ಷ್ಯ ಇರ್ಲಿ” ಎಂದು ಹೇಳಿ ಹಿತ್ತಲಿಗೆ ಹೂ ಹರಿಯಲು ಹೋದರು. ಅಷ್ಟರಲ್ಲಿ ಅರಳಿ ಓಡಿ ಬಂದು ನನ್ನ ಮೇಲೆ ಹಾರಿತು, ತಪ್ಪಿ ಮಣೆಯ ಮೇಲೆ ಬಿತ್ತು. ಇಳಿಯುವಾಗ ಉಗುರಿಗೆ ಸೆರಗು ಸಿಕ್ಕಿತು. ಗೇಣುದ್ದದ ಒಂದು ಎಳೆ ಸರಕ್ಕನೆ ಹೊರಗೆ ಬಂತು.

ನನ್ನ ತವರಿನ ನಾಯಿ. ‘ನಿಮ್ಮವರು ಕೊಟ್ಟ ನಾಯಿ’ ಎಂದು ಇನ್ನು ಎಷ್ಟು ವರ್ಷ ಕೇಳಬೇಕೋ! ಎಳೆಯನ್ನು ಮಡಿಕೆಯೊಳಗೆ ತುರುಕಿದೆ. ಅರಳಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಸುತ್ತ ನೋಡಿದೆ. ನಮ್ಮ ಉಗುರು ತೆಗೆಯುವ ಸಾಧನದ ಬಾಯಿಗೆ ಅದರ ದಪ್ಪ ಉಗುರು ಹೋಗುವುದಿಲ್ಲವೆಂದು ಗೊತ್ತಿತ್ತು. ಕಣ್ಣಿಗೆ ಬಿದ್ದದ್ದು ತಾಂಬೂಲದ ತಟ್ಟೆಯಲ್ಲಿದ್ದ ಅಡಕತ್ತರಿ. ಹೌದು — ಅಡಿಕೆ ಕತ್ತರಿಸುವ ಕತ್ತರಿ. ಪೂಜೆಯ ತಟ್ಟೆಯಿಂದ.

ಅರಳಿಯ ಮೈಯೆಲ್ಲ ಬಿಳಿ, ಉಗುರು ಮಾತ್ರ ಕರಿ. ಬಿಳಿ ಉಗುರಾದರೆ ಒಳಗೆ ಕೆಂಪು ರೇಖೆ ಕಾಣುತ್ತದಂತೆ. ಇದರಲ್ಲಿ ಏನೂ ಕಾಣುವುದಿಲ್ಲ. ನಾನಂತೂ ನೋಡಲೂ ಇಲ್ಲ. ಮೊದಲನೆಯದು ಕಟಕ್ಕನೆ ಹೋಯಿತು, ಏನೂ ಆಗಲಿಲ್ಲ. ಎರಡನೆಯದಕ್ಕೆ ಧೈರ್ಯ ಬಂತು, ಇನ್ನಷ್ಟು ಮೇಲೆ ಹಿಡಿದು ಒತ್ತಿದೆ.

ಅದು ಬೊಗಳಲಿಲ್ಲ. ಕಚ್ಚಲಿಲ್ಲ. ಮಕ್ಕಳ ಹಾಗೆ ಒಂದು ಸಲ ಚೀರಿ, ನನ್ನ ಮುಖ ನೋಡಿತು. ರಕ್ತ ನಿಲ್ಲಲೊಲ್ಲದು. ಉಗುರಿನಿಂದ ಇಷ್ಟು ರಕ್ತ ಬರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಸಗಣಿ ಸಾರಿಸಿ ರಂಗೋಲಿ ಹಾಕಿದ ನೆಲದ ಮೇಲೆ ಹನಿ, ಹನಿ. ಅಡಕತ್ತರಿಯನ್ನು ತೊಳೆದೆ, ಉಟ್ಟ ಸೀರೆಯಿಂದ ಒರೆಸಿದೆ, ತಟ್ಟೆಯಲ್ಲಿ ಮೊದಲಿದ್ದ ಹಾಗೆಯೇ ಇಟ್ಟೆ. ಅವತ್ತು ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದು ಅಡಿಕೆ ಮೆದ್ದವರೆಲ್ಲ ಇದನ್ನು ಓದಿದರೆ — ಓದಿದರೆ ಬೈಯಲಿ.

ಹೆಂಗಸರು ಒಳಗೆ ಬರುವುದಕ್ಕೂ ಅತ್ತೆ ಹಿತ್ತಲಿನಿಂದ ಬರುವುದಕ್ಕೂ ಸರಿಹೋಯಿತು. ಅರಳಿ ಮೂರು ಕಾಲಿನಲ್ಲಿ ಕುಂಟುತ್ತ ಅವರ ಎದುರಿಗೆ ಹೋಗಿ ನಿಂತಿತು.

“ಅಯ್ಯ ನನ ಶಿವನ! ಏನಾತ ಇದಕ್ಕ?” ಎಂದರು ಅತ್ತೆ.

ಕಿಟಕಿಯಾಚೆ ಒಂದು ಎತ್ತು ಗೂಳಿಟ್ಟಿತು. ಬರೀ ಅಷ್ಟೇ. ಅದು ಗೂಳಿಡದಿದ್ದರೆ ನಾನು ನಿಜ ಹೇಳುತ್ತಿದ್ದೆನೇ? — ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳುತ್ತಿರಲಿಲ್ಲ. ಬೇರೊಂದು ಸುಳ್ಳು ಹುಡುಕುತ್ತಿದ್ದೆ.

“ಎತ್ತು ತುಳೀತ್ರಿ ಅತ್ತಿ,” ಎಂದೆ.

ಅತ್ತೆ ಹೂವಿನ ಬುಟ್ಟಿ ಹಿಡಿದೇ ಬೇವಿನ ಮರದ ಹತ್ತಿರ ಹೋದರು. ನಾನು ಹಿಂದೆ, ನನ್ನ ಹಿಂದೆ ಹೆಂಗಸರು. ಶುಭ ದಿನ ಮನೆಯೊಳಗೆ ರಕ್ತ ಬಿತ್ತಲ್ಲ ಎಂಬ ಸಂಕಟ ಅತ್ತೆಗೆ. ಆ ಸಂಕಟವೆಲ್ಲ ಬಾಯಿಗೆ ಬಂತು. ಮಾಬುಸಾಬ್ ಕಾಕಾ ಎದ್ದು ನಿಂತು ಕೇಳಿದರು. ಆಮೇಲೆ ಕೆಳಗೆ ಕುಕ್ಕರಿಸಿ ಅರಳಿಯ ಕಾಲನ್ನು ಅಂಗೈಯಲ್ಲಿ ತೆಗೆದುಕೊಂಡರು. ಉಗುರನ್ನು ನೋಡಿದರು. ಹೆಬ್ಬೆರಳಿನಿಂದ ಅದರ ಅಂಚನ್ನು ಮೆಲ್ಲಗೆ ಸವರಿದರು. ತಲೆಯೆತ್ತಿ ನನ್ನನ್ನು ನೋಡಿದರು.

ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಯಾವತ್ತೋ ಮರೆತುಬಿಡುತ್ತಿದ್ದೆ. ಸಿಟ್ಟು ನನಗೆ ಪರಿಚಯದ್ದು. ಅವರ ಕಣ್ಣಲ್ಲಿದ್ದದ್ದು ಏನೆಂದು ನನಗೆ ಆಗ ತಿಳಿಯಲಿಲ್ಲ. ಕಾಲು ಕಟ್ಟಿ ಕೆಡವಿದ ಎಳೆ ಎತ್ತನ್ನು ಅವರು ನೋಡುತ್ತಿದ್ದದ್ದು ಹಾಗೆ.

“ಹೌದ್ರಿ ಅವ್ವಾರ,” ಎಂದರು. “ತುಳದಿರಬೇಕು. ನಂದ ಲಕ್ಷ್ಯ ತಪ್ಪಿತು. ಸ್ವಲ್ಪ ಅರಿಶಿಣ ಕೊಡ್ರಿ.”

ಅರಿಶಿನ ಒತ್ತಿ, ತಮ್ಮ ತಲೆವಸ್ತ್ರದ ಅಂಚು ಹರಿದು ಕಟ್ಟಿದರು. ಕಟ್ಟುವ ಕೈಯನ್ನು ಅರಳಿ ನೆಕ್ಕುತ್ತಿತ್ತು. ಅತ್ತೆ ಹೇಳಿದರು: “ನಾಳಿಂದ ನಿನ್ನ ನೆರಳು ನಮ್ಮ ಜಾಗಾದಾಗ ಬೀಳಬಾರದು ನೋಡು.” ಅಜ್ಜನ ಕಾಲದ ಜಾಗ. ಅವರು ಉಳಿ, ಸುತ್ತಿಗೆ, ಲಾಳದ ಚೀಲ, ಹಗ್ಗ ಎಲ್ಲ ಕೂಡಿಸಿಕೊಂಡು ಸಂಜೆಯೊಳಗೆ ಹೋದರು. ನಾನು ಕಿಟಕಿಯಿಂದ ನೋಡಿದೆ, ಆಮೇಲೆ ಕಿಟಕಿ ಹಾಕಿದೆ.

ಗಾಯ ಎಂಟು ದಿನಕ್ಕೆ ಮಾಯಿತು. ಆದರೆ ಅರಳಿ ನನಗೆ ಕಾಲು ಮುಟ್ಟಗೊಡಲಿಲ್ಲ. ಹಣಿಗೆ ಕಂಡರೆ ಮಂಚದ ಕೆಳಗೆ. ನನ್ನ ಕೈ ಕಂಡರೂ ಮಂಚದ ಕೆಳಗೆ. ಒಂದೂವರೆ ತಿಂಗಳು ಹಾಗೇ ಹೋಯಿತು. ಕೂದಲು ಗಂಟುಗಟ್ಟಿ ಗೋಣಿತಟ್ಟಿನಂತಾಯಿತು, ಬೆರಳ ಸಂದಿಯ ಮಣ್ಣು ಗಟ್ಟಿಯಾಗಿ ನಡೆಯುವಾಗ ಟಕಟಕ ಸದ್ದು. ನನ್ನ ಗಂಡ, “ಯಾರಿಗಾದ್ರೂ ಕೊಟ್ಟುಬಿಡೋಣು” ಎಂದ. ಅವನಿಗೆ ಎಲ್ಲದಕ್ಕೂ ಅದೇ ಉಪಾಯ. ಒಂದು ಮಧ್ಯಾಹ್ನ ಅರಳಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು, ಮಾಬುಸಾಬ್ ಕಾಕಾ ಈಗ ಕೂಡುತ್ತಿದ್ದ ಗಜೇಂದ್ರಗಡದ ರಸ್ತೆಯ ಕಡೆ ನಡೆದೆ. ಯಾಕೆ ಹೋದೆ, ಕ್ಷಮೆ ಕೇಳಲೇ? ಅಲ್ಲ. ಅಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಉಗುರು ಬಲ್ಲವರು ಊರಲ್ಲಿ ಇನ್ನೊಬ್ಬರು ನನಗೆ ಗೊತ್ತಿರಲಿಲ್ಲ, ಅದಕ್ಕೆ.

ಪಂಕ್ಚರ್ ಅಂಗಡಿಯ ತಗಡಿನ ಪಕ್ಕದಲ್ಲಿ, ಎರಡು ಬಿದಿರಿಗೆ ಗೋಣಿಚೀಲ ಕಟ್ಟಿ ಮಾಬುಸಾಬ್ ಕಾಕಾ ಕೂತಿದ್ದರು. ಚೀಲದ ನೆರಳು ಎತ್ತಿನ ತಲೆಗೆ ಬೀಳುತ್ತಿತ್ತು. ಅವರು ಬಿಸಿಲಿನಲ್ಲಿದ್ದರು.

“ಬಾ ತಂಗೆವ್ವಾ, ಕೂಡು,” ಎಂದರು, ನಿನ್ನೆಯಷ್ಟೇ ಕಂಡವರ ಹಾಗೆ. ಅರಳಿಯನ್ನು ನೆಲಕ್ಕೆ ಬಿಡಲು ಹೇಳಿದರು. ನಾನು ಕಾಲು ಹಿಡಿಯಲು ಹೋದಾಗ ತಡೆದರು.

“ಕಾಲ ನಾವು ಹಿಡೀಬಾರದು. ಅದ ಕೊಡಬೇಕು.”

“ಎತ್ತಿಗೆ ಹಗ್ಗಾ ಹಾಕತೀರಲ್ರಿ ಕಾಕಾ,” ಎಂದೆ. ಆ ಹೊತ್ತಿನಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ಅದು ನಮ್ಮ ಹೊಟ್ಟೀ ಪಾಪ. ಇದಕ್ಯಾಕ ಹಗ್ಗ?”

ಅಂಗೈ ಮೇಲೆ ಮಾಡಿ ನೆಲದ ಮೇಲಿಟ್ಟು ಸುಮ್ಮನೆ ಕೂತರು. ಎಷ್ಟು ಹೊತ್ತು! ಎತ್ತಿನ ಯಜಮಾನ ಬೀಡಿ ಸೇದಿ ಮುಗಿಸಿದ, ಇನ್ನೊಂದು ಹಚ್ಚಿದ. ಅರಳಿ ಆ ಕೈಯನ್ನು ಮೂಸಿತು, ಆಚೆ ಹೋಯಿತು, ಮತ್ತೆ ಬಂತು. ಕೊನೆಗೆ, ನೋಯಿಸಿಕೊಂಡ ಅದೇ ಬಲಗಾಲನ್ನು ಎತ್ತಿ ಆ ಅಂಗೈಯ ಮೇಲಿಟ್ಟಿತು. ನನ್ನ ಮೈ ಜುಮ್ಮೆಂದಿತು. ದೇವರ ಮುಂದೆ ನಿಂತಾಗಲೂ ನನಗೆ ಹಾಗೆ ಆಗಿರಲಿಲ್ಲ, ಇದನ್ನು ಹೇಳಲು ನಾಚಿಕೆಯಿಲ್ಲ.

ಚಹಾದ ಅಂಗಡಿಯಿಂದ ಬೆಚ್ಚಗಿನ ನೀರು ತರಿಸಿ ಸಂದಿಯ ಮಣ್ಣು ನೆನೆಸಿ ಬಿಡಿಸಿದರು. ಪುಟ್ಟದೊಂದು ಇಕ್ಕಳದಂಥ ಕತ್ತರಿ ನನ್ನ ಕೈಗೆ ಕೊಟ್ಟರು. ನಾನು ಹಿಂದೆ ಸರಿದೆ.

“ನೀನ ಕಡೀಬೇಕು. ನಾಳಿ ನಾ ಇರತೀನೇನ? ಇಲ್ಲಿ ನೋಡು. ಸ್ವಲ್ಪ ಸ್ವಲ್ಪ ತಗೀಬೇಕು. ಕರೀ ಉಗುರಿನ ನಡುವ ಒಂದು ಚುಕ್ಕಿ ಕಾಣತೈತಿ. ಅದು ಕಂಡ್ರ ಬಿಡು. ಅಲ್ಲಿಂದ ಜೀವ.”

ಕತ್ತರಿಯನ್ನು ಎರಡು ಸಲ ಉಗುರಿನವರೆಗೆ ಒಯ್ದು ಹಿಂದೆ ತೆಗೆದೆ. ಅದನ್ನು ನೋಡಿ ಅವರು ತಮ್ಮ ಹೆಬ್ಬೆರಳನ್ನು ಅರಳಿಯ ಉಗುರಿಗೆ ಅಡ್ಡವಾಗಿ ಇಟ್ಟರು — ಕತ್ತರಿಯ ಅಲಗಿಗೂ ಅದರ ಜೀವಕ್ಕೂ ನಡುವೆ. “ನನ್ನ ಬೆರಳಿನ ಈಚೆ ಕಡಿ. ತಪ್ಪಿದ್ರ ನನಗ ಹತ್ತಲಿ.”

ಯಾರ ಕೈಯಿಂದ ಅವರ ಅಜ್ಜನ ಜಾಗ ಹೋಯಿತೋ ಆ ಕೈಗೆ ಕತ್ತರಿ ಕೊಟ್ಟು ಅವರು ಹೀಗೆಂದರು. ನಾನು ಕಣ್ಣು ತುಂಬಿಕೊಂಡು, “ಕಾಕಾ, ಅವತ್ತ ನಾನು—” ಎಂದೆ.

“ಬೆಳಕ ಹೋಗತೈತಿ ತಂಗೆವ್ವಾ. ಕಡಿ.”

ಕಡಿದೆ. ಚುಕ್ಕಿ ಕಂಡಿತು. ಬಿಟ್ಟೆ.

ಅಂದಿನಿಂದ ಪ್ರತಿ ರವಿವಾರ ಬೆಳಿಗ್ಗೆ ಅರಳಿಯ ಕೆಲಸ ನನ್ನದು. ಮೊದಲು ಬಾಚುವುದು, ಗಂಟಿನ ಬುಡವನ್ನು ಬೆರಳಲ್ಲಿ ಹಿಡಿದು, ತುದಿಯಿಂದ ಬಿಡಿಸುತ್ತ ಬಂದರೆ ಚರ್ಮ ಎಳೆಯುವುದಿಲ್ಲ. ಆಮೇಲೆ ಒದ್ದೆ ಬಟ್ಟೆಯಿಂದ ಕಿವಿ, ಬೆರಳ ಸಂದಿ, ಉಣ್ಣಿ ಇದೆಯೇ ಎಂದು ಬಾಲದ ಬುಡ. ಹದಿನೈದು ದಿನಕ್ಕೊಮ್ಮೆ ಸ್ನಾನ. ಕೊನೆಗೆ ಉಗುರು. ಹೇಳಿದರೆ ಇಷ್ಟೇ. ಆದರೆ ಅದರ ಅಂಗಾಲಿಗೆ ಹುರಿದ ಜೋಳದ ವಾಸನೆ ಇದೆ ಎಂದು ಎಷ್ಟು ಜನಕ್ಕೆ ಗೊತ್ತು? ಕಿವಿಯ ಒಳಗೆ ಬೆಳಕು ಬಿದ್ದರೆ ಎಲೆಯ ನರಗಳಂತೆ ಕೆಂಪು ರೇಖೆ ಕಾಣುತ್ತವೆ, ಎದೆಯ ಮೇಲೆ ಕೈಯಿಟ್ಟರೆ ಒಳಗೇನೋ ಒಂದು ಓಡುತ್ತಲೇ ಇರುತ್ತದೆ. ಬಿಡಿಸಿದ ಹತ್ತಿ ಎಂದುಕೊಂಡಿದ್ದ ವಸ್ತು ತುದಿಯಿಂದ ಬುಡದವರೆಗೆ ಜೀವ. ಹನ್ನೊಂದು ವರ್ಷ ನೋಡಿದರೂ ನನ್ನ ಬೆರಗು ತೀರಿಲ್ಲ. ಬಲ ಮುಂಗಾಲಿಗೆ ಕೈ ಚಾಚಿದಾಗ ಇವತ್ತಿಗೂ ಅದು ಒಂದು ಉಸಿರಿನಷ್ಟು ಹೊತ್ತು ಕಾಲನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಕೊಡುತ್ತದೆ. ಅದು ಮರೆತಿಲ್ಲ. ಮರೆಯದೆಯೇ ಕೊಡುತ್ತದೆ.

ಮಾಬುಸಾಬ್ ಕಾಕಾ ಮಾತ್ರ ಬಿಸಿಲಲ್ಲೇ ಉಳಿದರು. ಅತ್ತೆ ಬಂದವರಿಗೆಲ್ಲ, “ಆ ನಾಲಬಂದನ ಎತ್ತು ನಮ್ಮ ಅರಳೀನ್ನ ತುಳೀತು” ಎಂದು ಹೇಳುತ್ತಿದ್ದರು. ನಾನು ಚಹಾ ಸೋಸುತ್ತ ಕೇಳುತ್ತಿದ್ದೆ.

ಈ ಸಲ ಶ್ರಾವಣಕ್ಕೆ ಮುಂಚಿನ ರವಿವಾರ. ಅತ್ತೆಗೆ ಈಗ ಮೊಣಕಾಲು ಬಾಗುವುದಿಲ್ಲ, ಪಾದದವರೆಗೆ ಕೈ ಹೋಗುವುದಿಲ್ಲ. ಕಟ್ಟೆಯ ಮೇಲೆ ಕೂತು ನಾನು ಅರಳಿಯ ಉಗುರು ತೆಗೆಯುವುದನ್ನು ನೋಡುತ್ತಿದ್ದರು. “ಆ ನಾಯಿಗೆ ಎಷ್ಟ ಚಂದ ತಗೀತಿ. ನನ್ನವೂ ಒಂದೀಟು ತಗಿ,” ಎಂದು ಪಾದವನ್ನು ನನ್ನ ತೊಡೆಯ ಮೇಲಿಟ್ಟರು. ಅವರ ಪಾದವನ್ನು ನಮಸ್ಕಾರಕ್ಕೆ ಬಿಟ್ಟು ನಾನು ಯಾವತ್ತೂ ಮುಟ್ಟಿರಲಿಲ್ಲ. ಬಿಸಿನೀರಲ್ಲಿ ನೆನೆಸಿದೆ, ಒರೆಸಿದೆ, ಸ್ವಲ್ಪ ಸ್ವಲ್ಪ ತೆಗೆದೆ. ಒಂದು ಪಾದ ಮುಗಿಯಿತು. ಇನ್ನೊಂದರಲ್ಲಿ ಎರಡು ಆಗಿತ್ತು.

“ಯಾರ ಕಡೆ ಕಲ್ತಿ ಇದನ್ನ?” ಎಂದರು.

ಸುಮ್ಮನೆ ಕೇಳಿದ ಪ್ರಶ್ನೆ. ನನ್ನ ಬಾಯಲ್ಲಿ ಇನ್ನೊಂದು ಸುಳ್ಳು ಸಿದ್ಧವಾಗಿಯೇ ಇತ್ತು. ಆದರೆ ಕೈಯಲ್ಲಿ ಅವರ ಪಾದವಿತ್ತು.

“ಮಾಬುಸಾಬ್ ಕಾಕಾರ ಕಡೆ,” ಎಂದೆ. ಆಮೇಲೆ ಉಳಿದದ್ದೂ ಹೇಳಿದೆ. ಸೆರಗಿನ ಎಳೆ, ಅಡಕತ್ತರಿ, ಎತ್ತು.

ಅತ್ತೆ ಮೊದಲು ಕೇಳಿದ್ದು ಇದು: “ಶುಕ್ರವಾರ ಉಗುರು ತಗದಿದ್ದೇನ?”

“ಹೌದ್ರಿ.”

“ಅಡಕತ್ತರೀಲೆ? ಆ ಅಡಕಿ ನಾನೂ ತಿಂದೇನ?”

“ಹೌದ್ರಿ.”

ಬೇವಿನ ಮರದ ಕಡೆ ತಿರುಗಿದರು. “ಅಂವಗ ನಾ ಏನಂದಿದ್ದೆ ಅವತ್ತ?”

“ನಿನ್ನ ನೆರಳು ನಮ್ಮ ಜಾಗಾದಾಗ ಬೀಳಬಾರದು ಅಂದಿದ್ರಿ.”

ಅವರು ಪಾದವನ್ನು ನನ್ನ ಕೈಯಿಂದ ಎಳೆದುಕೊಂಡರು. ಕೋಲು ತೆಗೆದುಕೊಂಡು, “ನಡಿ” ಎಂದರು.

ಮಾಬುಸಾಬ್ ಕಾಕಾ ಈಗ ಎಪ್ಪತ್ತು ದಾಟಿದವರು. ದಿನಕ್ಕೊಂದು ಎತ್ತು ಬಂದರೆ ಹೆಚ್ಚು. ಅತ್ತೆಯನ್ನು ನೋಡಿ ಎದ್ದು, ತಾವು ಕೂತಿದ್ದ ಗೋಣಿಯನ್ನು ಝಾಡಿಸಿ ಹಾಸಿದರು. ಅತ್ತೆ ಕೂಡಲಿಲ್ಲ.

“ಮಾಬುಸಾಬ, ನಿನಗ ಗೊತ್ತಿತ್ತೇನು?”

ಅವರು ನನ್ನ ಕಡೆ ನೋಡಿದರು. ಏನು ಎಂದು ಕೇಳಲಿಲ್ಲ. “ಎತ್ತು ತುಳದ ಉಗುರು ಒಡೀತೈತ್ರಿ ಅವ್ವಾರ. ಅದು ಕಡದಿತ್ತು.”

“ಮತ್ತ ಬಾಯಿ ಬಿಟ್ಟ ಹೇಳಾಕ ಏನಾಗಿತ್ತು ನಿನಗ?”

“ಆಕಿ ನಿಮ್ಮ ಮನ್ಯಾಗ ಬಾಳೇವು ಮಾಡಬೇಕಿತ್ತು. ನಂದೇನ್ರಿ, ನಾ ಎಲ್ಲ್ಯರ ಕೂಡತಿದ್ದೆ.”

ಅಂಗಡಿ, ರಸ್ತೆ, ಬಸ್ಸಿನ ಸದ್ದು ಎಲ್ಲ ಇತ್ತು. ನನಗೆ ಏನೂ ಕೇಳಿಸಲಿಲ್ಲ. ನಾನು ಅವರ ಕಾಲಿಗೆ ಬಾಗಿದೆ. “ತಪ್ಪಾತ್ರಿ ಕಾಕಾ,” ಎಂದೆ. ಹನ್ನೊಂದು ವರ್ಷ ಎಷ್ಟೋ ದೊಡ್ಡ ಮಾತು ಕೂಡಿಸಿಟ್ಟಿದ್ದೆ, ಹೊರಗೆ ಬಂದದ್ದು ಅಷ್ಟೇ.

ಅತ್ತೆ, “ನಾಳಿಂದ ಬೇವಿನ ಗಿಡದ ಕೆಳಗ ಬಂದು ಕೂಡು,” ಎಂದರು.

ಅವರು ನಕ್ಕರು. “ಬ್ಯಾಡ್ರಿ ಅವ್ವಾರ. ಬಿಸಲು ರೂಢಿ ಆಗೇತಿ. ಎತ್ತಾದ್ರೂ ಎಲ್ಲಿ ಅದಾವ ಈಗ, ಟ್ರ್ಯಾಕ್ಟರಿಗೆ ಲಾಳ ಬಡೀಲ್ಯಾ?” ಆಮೇಲೆ ನನ್ನನ್ನು ಕೇಳಿದರು: “ಅರಳಿ ಹ್ಯಾಂಗೈತಿ ತಂಗೆವ್ವಾ?”

ಅತ್ತೆ ಮುಂದೆ, ನಾನು ಹಿಂದೆ ಮನೆಗೆ ಬಂದೆವು. ವಾರವಿಡೀ ನನ್ನ ಜೊತೆ ಅವರದು ಬೇಕಾದಷ್ಟೇ ಮಾತು. ಶ್ರಾವಣದ ಶುಕ್ರವಾರ ಹೆಂಗಸರು ಬಂದಾಗ, ನಾನು ಅವರೆಲ್ಲರ ಮುಂದೆ ನಿಂತು ಹೇಳಿದೆ. ಸುಳ್ಳನ್ನು ಎಲ್ಲಿ ಹೇಳಿದ್ದೆನೋ ಅಲ್ಲಿಯೇ. ಕೆಲವರು ನಕ್ಕರು, ಒಬ್ಬಾಕೆ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದಳು.

ಒಂದು ದಿನ ಬಿಟ್ಟು, ರವಿವಾರ, ಅರಳಿಯ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಬಂದು ಕೂತರು. ಪಾದ ಮುಂದೆ ಚಾಚಿದರು.

“ಮೂರು ಉಳದಾವ,” ಎಂದರು. “ತಗಿ. ಬೆಳಕ ನೋಡಕೊಂಡ ತಗಿ.”

ಕೂತೆ. ಪಾದವನ್ನು ನಾನು ಹಿಡಿಯಲಿಲ್ಲ, ಅಂಗೈ ಚಾಚಿದೆ. ಅವರೇ ಇಟ್ಟರು. ಕ್ಷಮಿಸಿದ್ದಾರೆಯೇ, ಗೊತ್ತಿಲ್ಲ, ಕೇಳುವ ಹಕ್ಕೂ ನನಗಿಲ್ಲ. ನಾವು ಕೂತಲ್ಲಿಂದ ಬೇವಿನ ಮರ ನೇರ ಕಾಣುತ್ತದೆ. ಅದರ ನೆರಳು ಬಯಲಿನ ಮೇಲೆ ಅಗಲವಾಗಿ ಬಿದ್ದಿತ್ತು. ಅಲ್ಲಿ ಯಾರೂ ಇರಲಿಲ್ಲ.